ಅತ್ತೆಯ ಮುಂದೆ ಕೇಳಿದ ಪ್ರಶ್ನೆ

2018ರ ಸೆಪ್ಟೆಂಬರ್. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ, ನನ್ನ ಟ್ರಾನ್ಸ್‌ಲೇಶನ್ ಆಫೀಸ್ ಇತ್ತು. ಆಫೀಸ್ ಎಂದರೆ ಎರಡು ಟೇಬಲ್ಲು, ಒಂದು ಕಂಪ್ಯೂಟರು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರು, ನಾಲ್ಕು ಕುರ್ಚಿ ಮತ್ತು ಅರವತ್ತೆಂಟು ವಯಸ್ಸಿನ ನಾನು. ಕನ್ನಡ, ಮರಾಠಿ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ‘ಇದು ಮೂಲಕ್ಕೆ ನಿಷ್ಠವಾದ ಅನುವಾದ’ ಎಂದು ಬರೆದು ಸಹಿ ಮಾಡುವುದು ನನ್ನ ಕೆಲಸವಾಗಿತ್ತು. ಜನನ ದಾಖಲೆ, ಲಗ್ನದ ಸರ್ಟಿಫಿಕೇಟು, ಹೊಲದ ಪಹಣಿ ಉತಾರ, ಸತ್ತವರ ಪ್ರಮಾಣಪತ್ರ, ಎಲ್ಲವೂ ಈ ಕೈಯಿಂದ ಹಾದುಹೋಗಿವೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೊಡೆದು ಬಡಿದು ಕಲಿಸಿದ ಇಂಗ್ಲಿಷು, ಗಂಡ ತೀರಿಕೊಂಡ ಮೇಲೆ ನನಗೆ ಅನ್ನ ಕೊಟ್ಟಿತು.

ಬರಬರುತ್ತ ಜನ ವೀಸಾ ಅರ್ಜಿಗಳನ್ನೂ ತಂದು ಮುಂದಿಡತೊಡಗಿದರು. “ಮೇಡಂ, ನಿಮಗ ಇಂಗ್ಲಿಷ್ ಬರತೈತಿ, ತುಂಬಿಬಿಡ್ರಿ” ಅನ್ನುವರು. ನಾನು ತುಂಬುತ್ತಿದ್ದೆ. ನಾನು ವಕೀಲಳಲ್ಲ, ಏಜೆಂಟಳೂ ಅಲ್ಲ. ಆದರೆ ಹತ್ತು ಅರ್ಜಿ ಪಾಸಾದ ಮೇಲೆ ಮನುಷ್ಯನಿಗೆ ತಾನು ಎಕ್ಸ್‌ಪರ್ಟ್ ಎಂಬ ಭ್ರಮೆ ಬರುತ್ತದೆ. ನನಗೂ ಬಂದಿತ್ತು.

ಆ ತಿಂಗಳ ಒಂದು ಮಂಗಳವಾರ ಖಾನಾಪುರದಿಂದ ಅತ್ತೆ ಸೊಸೆ ಬಂದರು. ಅತ್ತೆ ಪದ್ಮಾವತಿಬಾಯಿ, ಜೈನರ ಮನೆತನ, ಸ್ಟೇಶನ್ ರೋಡಿನಲ್ಲಿ ಅವರ ಕಿರಾಣಿ ಅಂಗಡಿ. ಹಿರಿಯ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಆದರೆ ಗಲ್ಲಾದ ಮುಂದೆ ಕೂಡುವವರು ಇವರೇ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕುಳಿತು, “ಕೆಳಗ ಬ್ರೆಡ್ಡಿನ ವಾಸನಿ, ಮ್ಯಾಲ ಕಾಗದದ ವಾಸನಿ. ನಿಮಗ ಹಸಿವರ ಹೆಂಗ ಆಗತೈತ್ರಿ ಮೇಡಂ?” ಎಂದು ನಕ್ಕರು. ಸೊಸೆ ನಿಂತೇ ಇದ್ದಳು. ಮೂವತ್ತೊಂದು ವಯಸ್ಸು, ತೆಳ್ಳನೆಯ ಮೈ, ಕೈಯಲ್ಲಿ ಎದೆಗೆ ಒತ್ತಿ ಹಿಡಿದ ಪ್ಲಾಸ್ಟಿಕ್ ಫೈಲು. “ಕುಂದರ ಸನ್ಮತಿ, ಮೇಡಮ್ಮಾರು ಏನು ಕಚ್ಚಾಂಗಿಲ್ಲ” ಎಂದು ಅತ್ತೆ ಹೇಳಿದ ಮೇಲೆ ಕುಳಿತಳು.

ವಿಷಯ ಸರಳವಾಗಿತ್ತು. ಪದ್ಮಾವತಿಬಾಯಿಯ ಕಿರಿಯ ಮಗ ಮಹಾವೀರ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಸಿಟಿ ಬಸ್ ಡ್ರೈವರ್. “ಇಲ್ಲಿ ಇದ್ದಾಗ ಅವಗ ಸೈಕಲ್ ಹೊಡ್ಯಾಕ ಬರ್ತಿದ್ದಿಲ್ರಿ. ಅಲ್ಲಿ ಎರಡು ಮಜಲಿ ಬಸ್ ಹೊಡೀತಾನಂತ!” ಹೆಚ್ಚುಕಡಿಮೆ ಹದಿನೈದು ವರ್ಷದಿಂದ ಅಲ್ಲಿಯೇ ಇದ್ದು ಖಾಯಂ ನಿವಾಸಿಯಾಗಿದ್ದ. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಏಳು ವರ್ಷದ ಮಗಳಿದ್ದಳು, ಆರ್ಯಾ. 2017ರ ಫೆಬ್ರುವರಿಯಲ್ಲಿ ಖಾನಾಪುರದಲ್ಲಿ ಎರಡನೆಯ ಲಗ್ನವಾಯಿತು. ಈಗ ಹೆಂಡತಿಯನ್ನು ಕರೆಸಿಕೊಳ್ಳಬೇಕು. ಅದಕ್ಕೆ ಸ್ಪೌಸ್ ವೀಸಾ, ಅಂದರೆ ಅಲ್ಲಿ ನೆಲೆಸಿದ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಕೊಡುವ ಪರವಾನಗಿ. ಲಗ್ನ ನಿಜವಾದದ್ದು ಎಂದು ತೋರಿಸಬೇಕು, ಗಂಡನ ಸಂಬಳ ತೋರಿಸಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು.

ನಾನು ಅರ್ಜಿ ತೆರೆದು ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದೆ. ಉತ್ತರ ಕೊಟ್ಟದ್ದೆಲ್ಲ ಅತ್ತೆಯೇ. ನಮ್ಮ ಕಡೆ ಇದು ಹೊಸದಲ್ಲ. ನನ್ನ ಬಳಿ ಬಂದ ಸೊಸೆಯರಲ್ಲಿ ಒಬ್ಬಳೂ ಒಂಟಿಯಾಗಿ ಬಂದದ್ದು ನೆನಪಿಲ್ಲ. ಅತ್ತೆಯೋ ನಾದಿನಿಯೋ ಜೊತೆಗಿರುವರು, ಅವರು ಹೇಳುವರು, ಹುಡುಗಿ ತಲೆಯಾಡಿಸುವಳು, ನಾನು ಟೈಪ್ ಮಾಡುವೆನು. ಕೆಲಸ ಬೇಗ ಆಗುತ್ತಿತ್ತು, ಅದಕ್ಕೇ ನನಗೆ ಅದು ಒಳ್ಳೆಯ ಪದ್ಧತಿಯೆಂದೇ ಅನ್ನಿಸಿತ್ತು.

“ಹಿಂದೆ ಯಾವಾಗಲಾದರೂ ಬೇರೆ ಹೆಸರು ಇತ್ತೇ?” ಎಂಬ ಪ್ರಶ್ನೆ ಬಂತು.

ಪದ್ಮಾವತಿಬಾಯಿ ಫೈಲಿನಿಂದ ಒಂದು ಫೋಟೋ ತೆಗೆದು ತೋರಿಸಿದರು. ತಟ್ಟೆಯ ತುಂಬ ಹರಡಿದ ಅಕ್ಕಿ, ಮದುಮಗ ಉಂಗುರದಿಂದ ಅದರಲ್ಲಿ ‘ಸನ್ಮತಿ’ ಎಂದು ಬರೆದಿದ್ದಾನೆ, ಹುಡುಗಿ ಬಗ್ಗಿ ಓದುತ್ತಿದ್ದಾಳೆ. ಲಗ್ನದ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಈ ಭಾಗದ ಎಷ್ಟೋ ಮನೆಗಳಲ್ಲಿದೆ. ಆ ತಟ್ಟೆಯಾದ ಮೇಲೆ ಹಳೆಯ ಹೆಸರನ್ನು ಗಂಡನ ಮನೆಯಲ್ಲಿ ಯಾರೂ ಎತ್ತುವುದಿಲ್ಲ. “ಇಕಿ ಹೆಸರು ಸನ್ಮತಿ. ಹಿಂದಿಂದು ಯಾಕ ಬೇಕ್ರಿ? ನಮ್ಮ ಮನ್ಯಾಗ ಒಂದ ಹೆಸರು” ಎಂದರು ಅತ್ತೆ. ಅವರ ದನಿಯಲ್ಲಿ ಜೋರೇನೂ ಇರಲಿಲ್ಲ, ಅಭಿಮಾನವಿತ್ತು.

ನನ್ನ ಕೈಯಲ್ಲಿ ಅದೇ ಫೈಲಿನ ಲಗ್ನಪತ್ರಿಕೆಯಿತ್ತು. ಅದರಲ್ಲಿ ‘ಚಿ. ಸೌ. ಕಾಂ. ರೇಖಾ, ನಂದಗಡ’ ಎಂದು ಅಚ್ಚಾಗಿತ್ತು. ಅಂದರೆ ಹಳೆಯ ಹೆಸರು ನನಗೆ ಗೊತ್ತಿತ್ತು. ಪಾಸ್‌ಪೋರ್ಟ್ ಮಾತ್ರ ಹೊಸ ಹೆಸರಿನಲ್ಲಿ ಹೊಸದಾಗಿ ಆಗಿತ್ತು, ಲಗ್ನದ ಸರ್ಟಿಫಿಕೇಟೂ ಹೊಸ ಹೆಸರಿನಲ್ಲೇ. ಎರಡು ಹೆಸರು ಕಂಡರೆ ಆಫೀಸರ್‌ಗೆ ಕನ್‌ಫ್ಯೂಶನ್ ಆಗುತ್ತದೆ, ಅಫಿಡವಿಟ್ ಕೇಳುತ್ತಾರೆ, ತಡವಾಗುತ್ತದೆ. ಬೇರೆ ಒಂದು ಕೇಸಿನಲ್ಲಿ ಹಾಗಾಗಿತ್ತು. ಅಕ್ಕಿಯ ಮೇಲೆ ಬದಲಾದ ಹೆಸರು ಏನು ದೊಡ್ಡ ಮಾತು ಎಂದುಕೊಂಡೆ. ನನಗೂ ನನ್ನ ಲಗ್ನದಲ್ಲಿ ಹೀಗೆಯೇ ಹೆಸರು ಬದಲಾಗಿತ್ತು. ನನ್ನ ಶಾಲೆಯ ಸರ್ಟಿಫಿಕೇಟುಗಳಲ್ಲಿರುವ ಹುಡುಗಿಯನ್ನು ಯಾರಾದರೂ ಕರೆದರೆ ಈಗ ನಾನು ತಿರುಗಿಯೂ ನೋಡಲಾರೆ. ಆ ಪ್ರಶ್ನೆಗೆ ‘ನೋ’ ಎಂದು ಒತ್ತಿದೆ. ಲಗ್ನಪತ್ರಿಕೆಯನ್ನು ಅರ್ಜಿಗೆ ಸೇರಿಸದೆ ಬದಿಗಿಟ್ಟೆ.

ಮುಂದಿನ ಪ್ರಶ್ನೆ: “ಹಿಂದೆ ಈ ದೇಶಕ್ಕೆ ಹೋಗಿದ್ದಿರಾ? ಅವಧಿ ಮೀರಿ ಉಳಿದಿದ್ದಿರಾ? ನಿಮ್ಮನ್ನು ಅಲ್ಲಿಂದ ಕಳಿಸಲಾಗಿತ್ತೇ?”

ಪದ್ಮಾವತಿಬಾಯಿ ನಕ್ಕುಬಿಟ್ಟರು. “ಇಕೀನಾ? ಪುಣೆದಾಗ ಮೂರು ವರ್ಷ ಕಂಪನ್ಯಾಗ ಇದ್ಲು ಅಷ್ಟ. ಬೆಂಗಳೂರರ ನೋಡ್ಯಾಳೋ ಇಲ್ಲೋ!”

ನಾನು ಹುಡುಗಿಯತ್ತ ನೋಡಿದೆ. ಅವಳು ನೆಲ ನೋಡುತ್ತ ಇಲ್ಲವೆಂದು ತಲೆಯಾಡಿಸಿದಳು. ಹೊಸ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹಳೆಯ ಪಾಸ್‌ಪೋರ್ಟಿನ ನಂಬರ್ ಅಚ್ಚಾಗಿರುತ್ತದೆ. ಇದರಲ್ಲೂ ಇತ್ತು. “ಹಳೇದು ಎಲ್ಲೈತಿ?” ಎಂದೆ. “ಕಳದೈತ್ರಿ” ಎಂದಳು. “ಪರವಾಗಿಲ್ಲ” ಎಂದು ನಾನು ಮುಂದಿನ ಪುಟಕ್ಕೆ ಹೋದೆ.

ಲಗ್ನ ನಿಜವೆಂದು ತೋರಿಸಲು ಗಂಡ ಹೆಂಡಿರ ವಾಟ್ಸ್ಯಾಪ್ ಮಾತುಕತೆಯನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಹದಿನೆಂಟು ತಿಂಗಳ ಮಾತು, ಆರಿಸಿ ಆರಿಸಿ ನಲವತ್ತು ಪುಟ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಕಷ್ಟದ ಅನುವಾದ ಇನ್ನೊಂದಿಲ್ಲ. ಯಾಕೆಂದರೆ ಅವರು ಪ್ರೀತಿ ಎಂಬ ಮಾತನ್ನು ಒಮ್ಮೆಯೂ ಬರೆದಿರಲಿಲ್ಲ. “ಊಟ ಆತೇನು?” “ಆತ್ರಿ. ನಿಮ್ದು?” “ಈಗ ಡ್ಯೂಟಿ ಮುಗೀತು.” “ಥಂಡಿ ಐತೇನ್ರಿ?” “ಐತಿ.” “ಸ್ವೆಟರ್ ಹಾಕ್ಕೋರಿ.” ಪ್ರತಿದಿನ ಇದೇ. ಇದನ್ನು ಇಂಗ್ಲಿಷಿನಲ್ಲಿ ಓದಿದ ಆಫೀಸರ್‌ಗೆ ಇದು ಹೋಟೆಲ್ ಮಾಣಿಯ ವಿಚಾರಣೆಯಂತೆ ಕಾಣುತ್ತದೆಂದು ನನಗೆ ಚಿಂತೆ. “ನಮ್ಮಲ್ಲಿ ಊಟವಾಯಿತೇ ಎಂದು ಕೇಳುವುದು ಅಕ್ಕರೆಯ ಮಾತು” ಎಂದು ಅಡಿಟಿಪ್ಪಣಿ ಬರೆದೆ.

ಇನ್ನೊಂದು ಕಡೆ, ಮಗಳಿಗೆ ಜಡೆ ಹಾಕುವುದನ್ನು ಸನ್ಮತಿ ಗಂಡನಿಗೆ ಹೇಳಿಕೊಟ್ಟಿದ್ದಳು. “ಮೂರು ಎಳಿ ಮಾಡ್ರಿ. ಬಲಗಡೀದು ನಡುವ ತರ್ರಿ. ಜಗ್ಗಬ್ಯಾಡ್ರಿ, ಅಳತೈತಿ ಕೂಸು.” ಮರುದಿನ ಅವನು ಫೋಟೋ ಕಳಿಸಿದ್ದ, ಒಂದು ಜಡೆ ಕಿವಿಯ ಮೇಲೆ, ಒಂದು ಕುತ್ತಿಗೆಯ ಹತ್ತಿರ. ಅವಳ ಉತ್ತರ: “ಬಸ್ಸು ಇದಕ್ಕಿಂತ ನೆಟ್ಟಗ ಹೊಡೀತೀರೇನ್ರಿ?” ಆರ್ಯಾಳ ದನಿಯೂ ಇತ್ತು, ಇಂಗ್ಲಿಷಿನ ನಡುವೆ ಅಪ್ಪ ಕಲಿಸಿದ ಒಂದು ಕನ್ನಡ ಶಬ್ದ: “ಅವ್ವಾ, ವೆನ್ ಆರ್ ಯೂ ಕಮಿಂಗ್?” ಅದನ್ನು ತಿರುಗಿಸುವ ಅಗತ್ಯವೇ ಇರಲಿಲ್ಲ. ಆದರೂ ನಾನು ನಾಲ್ಕು ಸಲ ಕೇಳಿದೆ.

ಬೆಂಗಳೂರಿಗೆ ಬೆರಳಚ್ಚು ಕೊಡಲು ಹೋಗುವ ಎರಡು ದಿನ ಮೊದಲು ಸನ್ಮತಿ ಒಬ್ಬಳೇ ಬಂದಳು. ನಾನು ಆಫೀಸ್ ಮುಚ್ಚಿ ಮೆಟ್ಟಿಲು ಇಳಿಯುತ್ತಿದ್ದೆ. ಅನಗೋಳದ ನನ್ನ ಮನೆಗೆ ಪ್ಲಂಬರ್ ಬರುವವನಿದ್ದ.

“ಮೇಡಂ, ಒಂದು ಕೇಳೂದಿತ್ತು. ಈ ಬೆರಳಚ್ಚು… ಹಳೇವು ಅವರ ಹಂತೇಕ ಇರ್ತಾವೇನ್ರಿ?”

“ಇಟ್ಸ್ ಜಸ್ಟ್ ರೂಟೀನ್, ಮೈ ಡಿಯರ್. ಎಲ್ಲರದೂ ತಗೋತಾರೆ. ಡೋಂಟ್ ವರಿ” ಎಂದು ಅವಳ ಕೆನ್ನೆ ತಟ್ಟಿ ರಿಕ್ಷಾ ಹತ್ತಿದೆ. ಅವಳು ‘ಹಳೇವು’ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅದು ತಲೆಗೆ ಹೋದದ್ದು ಮಾತ್ರ ಮೂರು ತಿಂಗಳ ಮೇಲೆ.

2019ರ ಜನವರಿಯಲ್ಲಿ ನಿರ್ಧಾರದ ಪತ್ರ ಬಂತು. ಅರ್ಜಿಯಲ್ಲಿ ನನ್ನ ಈಮೇಲ್ ಕೊಟ್ಟಿದ್ದರಿಂದ ನಾನೇ ಮೊದಲು ಓದಿದೆ. ಐದು ಪುಟ. ಅರ್ಜಿದಾರಳ ಬೆರಳಚ್ಚು ರೇಖಾ ಎಂಬ ಹೆಸರಿನವಳ ಬೆರಳಚ್ಚಿಗೆ ಹೊಂದಿದೆ. ಆಕೆ 2010ರಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದಳು. 2011ರಲ್ಲಿ ಅವಳ ಕಾಲೇಜಿನ ಲೈಸೆನ್ಸ್ ರದ್ದಾಯಿತು. ಬೇರೆ ಕಾಲೇಜು ಹುಡುಕಲು ಕೊಟ್ಟ ಅವಧಿ ಮುಗಿದ ಮೇಲೂ ಹಿಂದಿರುಗಲಿಲ್ಲ. 2013ರಲ್ಲಿ ಸ್ಯಾಂಡ್‌ವಿಚ್ ಪ್ಯಾಕ್ ಮಾಡುವ ಒಂದು ಕಾರ್ಖಾನೆಯಲ್ಲಿ ಸಿಕ್ಕಿದಳು, ಹನ್ನೊಂದು ದಿನ ಬಂಧನ ಕೇಂದ್ರದಲ್ಲಿದ್ದಳು, ವಿಮಾನ ಹತ್ತಿಸಿ ಕಳಿಸಲಾಯಿತು. ಈ ಅರ್ಜಿಯಲ್ಲಿ ಬೇರೆ ಹೆಸರಿಲ್ಲ, ಹಿಂದೆ ಬಂದಿಲ್ಲ ಎಂದು ಹೇಳಿದ್ದಾಳೆ. ಇದು ಡಿಸೆಪ್ಶನ್, ಅಂದರೆ ವಂಚನೆ. ವೀಸಾ ನಿರಾಕರಿಸಲಾಗಿದೆ. ಮುಂದಿನ ಹತ್ತು ವರ್ಷ ಯಾವ ಅರ್ಜಿ ಹಾಕಿದರೂ ಈ ಕಾರಣ ಅಡ್ಡ ಬರಬಹುದು.

ನಾನು ಎದ್ದು ಕಿಟಕಿಯ ಬಳಿ ಹೋಗಿ ನಿಂತೆ. ಆ ‘ನೋ’ ಒತ್ತಿದ ಬೆರಳು ನನ್ನದು.

ಫೋನ್ ಮಾಡಿ ಕರೆದೆ, ಮರುದಿನ ಬೆಳಿಗ್ಗೆ ರೇಖಾ ಒಬ್ಬಳೇ ಬಂದಳು. ಇನ್ನು ಮೇಲೆ ಅವಳನ್ನು ಈ ಹೆಸರಿನಿಂದಲೇ ಕರೆಯುತ್ತೇನೆ; ಅವಳು ತನ್ನ ಕಥೆ ಹೇಳಿದ್ದು ಈ ಹೆಸರಿನಲ್ಲಿ. ಪುಣೆಯಲ್ಲಿ ಓದುತ್ತಿದ್ದಾಗ ಅಲ್ಲಿಂದಲೇ ಲಂಡನ್ನಿಗೆ ಹೋಗಿದ್ದಳು. ಕಣ್ಣು ತಾಗೀತೆಂದು ಅಪ್ಪ ಊರಲ್ಲಿ ಯಾರಿಗೂ ಹೇಳಿರಲಿಲ್ಲ, “ನೌಕರಿ ಹತ್ತಲಿ, ಆಮ್ಯಾಲ ಪೇಢೆ ಹಂಚೂಣು” ಅಂದಿದ್ದನಂತೆ. ಹಂಚುವ ಹೊತ್ತು ಬರಲೇ ಇಲ್ಲ. ಸಂಬಂಧ ನೋಡುವಾಗ ಪುಣೆಯ ಕಂಪನಿ ಎಂದಷ್ಟೇ ಹೇಳಿದರು. ಗಂಡು ಇಂಗ್ಲೆಂಡಿನವನೆಂದು ಗೊತ್ತಾದಾಗ ರೇಖಾ ಬೇಡವೆಂದು ಅತ್ತಿದ್ದಳು. ಆದರೆ ಫೋನಿನಲ್ಲಿ ಅವನ ಮಾತು ಕೇಳುತ್ತ ಕೇಳುತ್ತ, ಆ ಕೂಸಿನ ದನಿ ಕೇಳುತ್ತ, ಆಸೆ ಹುಟ್ಟಿತು. “ಹೆಸರು ಬದಲಾತಲ್ರಿ ಮೇಡಂ. ಪಾಸ್‌ಪೋರ್ಟೂ ಹೊಸಾದು. ಆಕಿ ಬ್ಯಾರೆ, ನಾ ಬ್ಯಾರೆ ಆದೆ ಅನಿಸಿತ್ತು.”

ಆಮೇಲೆ ಅವಳು ಕೈ ಮುಗಿದಳು. “ಅತ್ತಿಯವರಿಗೆ ಇಂಗ್ಲಿಷ್ ಬರಾಂಗಿಲ್ಲ. ನೀವ ಓದಿ ಹೇಳಾವ್ರು. ಬ್ಯಾಂಕಿನ ಕಾಗದ ಕಮ್ಮಿ ಬಿದ್ದಾವು, ಅದಕ್ಕ ಆಗಿಲ್ಲ ಅಂತ ಹೇಳಿಬಿಡ್ರಿ. ನಡೆದದ್ದನ್ನ ಅವರಿಗೆ ನಾನ ಹೇಳತೀನಿ, ಇವತ್ತಲ್ಲ, ಖರೇನ ಹೇಳತೀನಿ.”

ನಾನು ಮಾತು ಕೊಡಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಇಬ್ಬರೂ ಬಾಡಿಗೆ ಕಾರಿನಲ್ಲಿ ಖಾನಾಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ನಾನು ಯೋಚಿಸುತ್ತಿದ್ದೆ. ಒಂದು ಸಲ ಅನುಕೂಲ ನೋಡಿ ಸುಮ್ಮನಿದ್ದೆ, ಅದರಿಂದ ಇಷ್ಟಾಯಿತು. ಈಗ ಪತ್ರವನ್ನೇ ಬೇರೆಯಾಗಿ ಓದಿದರೆ ನನ್ನ ಸಹಿಗೆ ಏನು ಬೆಲೆ? ಇದು ಸತ್ಯನಿಷ್ಠೆಯೋ, ನನ್ನ ತಪ್ಪನ್ನು ತೊಳೆದುಕೊಳ್ಳುವ ಆತುರವೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಶೇಂಗಾ ಚೀಲಗಳ ನಡುವೆ, ಪದ್ಮಾವತಿಬಾಯಿ ಮಣೆ ಹಾಕಿ ಕೂರಿಸಿದರು. “ಬರ್ರಿ ಮೇಡಂ, ಕುಂದರ್ರಿ. ಮಾರಿ ನೋಡಿದ್ರ ಸುದ್ದಿ ಚಲೋ ಇದ್ದಂಗಿಲ್ಲ. ಏನೈತೋ ಅದನ್ನ ಓದ್ರಿ, ಒಂದಕ್ಷರ ಬಿಡಬ್ಯಾಡ್ರಿ” ಎಂದರು.

ನಾನು ಓದಿದೆ. ಒಂದಕ್ಷರ ಬಿಡಲಿಲ್ಲ. ರೇಖಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಪದ್ಮಾವತಿಬಾಯಿಯ ಮುಖ ನೋಡುವ ಧೈರ್ಯವಿಲ್ಲದೆ ಕಾಗದದ ಮೇಲೆಯೇ ಕಣ್ಣಿಟ್ಟು ಕೊನೆಯವರೆಗೆ ಓದಿ ಮುಗಿಸಿದೆ. ಹೊರಗೆ ಯಾರೋ ಗಿರಾಕಿ ಕಾಲು ಕಿಲೋ ಸಾಬುದಾಣಿ ಕೇಳುತ್ತಿದ್ದರು.

ಬೈಗುಳಕ್ಕೆ ಕಾಯುತ್ತಿದ್ದೆ. ಹುಡುಗಿಯೂ ಕಾಯುತ್ತಿದ್ದಳು. ಪದ್ಮಾವತಿಬಾಯಿ ಕೇಳಿದ್ದು ಇಷ್ಟು:

“ಹನ್ನೊಂದು ದಿನಾ ಹಿಡಿದಿಟ್ಟಿದ್ರಂತಲ್ಲ, ಅಲ್ಲಿ ಏನು ತಿಂದಿ?”

ರೇಖಾ ತಲೆ ಎತ್ತಿ ನೋಡಿದಳು. “ಬ್ರೆಡ್ಡು… ಬಾಳಿಹಣ್ಣು.”

“ಅಷ್ಟ?”

“ಉಳಿದದ್ದು ತಿನ್ನೂ ಹಂಗ ಇರಲಿಲ್ರಿ.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಹುಚ್ಚಿ, ನನಗ ಹೇಳಾಕ ಏನಾಗಿತ್ತ ನಿನಗ? ಕಳ್ಳತನ ಮಾಡಿದ್ದೇನು? ದುಡಿಯಾಕ ಉಳದಿದ್ದಿ. ನನ್ನ ಮಗಾನೂ ಅಲ್ಲಿ ದುಡೀಲಿಕ್ಕೇ ಹೋಗ್ಯಾನ. ಅವಂದು ಕಾಗದ ನೆಟ್ಟಗಿತ್ತು, ನಿಂದು ಇರಲಿಲ್ಲ.” ಆಮೇಲೆ ನನ್ನತ್ತ ತಿರುಗಿದರು. “ಅವತ್ತು ನಾ ನಡುವ ಬಾಯಿ ಹಾಕಿ ನಕ್ಕೆ. ನೀವರ ನನ್ನ ಹೊರಗ ಕಳಿಸಬೇಕಿತ್ತು, ಮೇಡಂ.”

ಆ ಕ್ಷಣ ನನಗಾದ ನೋವು ಬೇರೆ ಬಗೆಯದು. ಈ ಹೆಂಗಸಿಗೆ ಹೆದರಿ ಆ ಹುಡುಗಿ ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದಳು. ಅವತ್ತು ನನ್ನ ಆಫೀಸಿನಲ್ಲೇ ಈ ಮಾತು ಹೊರಬಿದ್ದಿದ್ದರೆ ಅರ್ಧ ಗಂಟೆ ಅಳು, ಒಂದು ಕಪ್ ಚಹಾ, ಅಷ್ಟರಲ್ಲಿ ಮುಗಿಯುತ್ತಿತ್ತು.

ಬೆಂಗಳೂರಿನ ಒಬ್ಬ ವಕೀಲರು ಆಮೇಲೆ ವಿವರಿಸಿ ಹೇಳಿದರು. ಹಿಂದೆ ಅವಧಿ ಮೀರಿ ಉಳಿದಿದ್ದರೂ ಸ್ಪೌಸ್ ವೀಸಾ ಕೇಳುವವರಿಗೆ ಬಾಗಿಲು ತಾನಾಗಿ ಮುಚ್ಚುವುದಿಲ್ಲ. ನಡೆದದ್ದನ್ನು ಹೇಳಿ, ಕಾರಣ ಬರೆದು, ದಾಖಲೆ ಕೊಟ್ಟರೆ ಅಧಿಕಾರಿ ಎಲ್ಲವನ್ನೂ ತೂಗಿ ನೋಡುತ್ತಾನೆ. ಕಾಲೇಜೇ ಮುಚ್ಚಿಹೋದವಳ ಕಥೆ, ತಾಯಿಯಿಲ್ಲದ ಕೂಸಿನ ಕಥೆ, ಎರಡೂ ತಕ್ಕಡಿಗೆ ಬೀಳುತ್ತವೆ. ಆದರೆ ಅರ್ಜಿಯಲ್ಲಿಯೇ ಸುಳ್ಳು ಹೇಳಿದರೆ ಆ ಮಾತೇ ಬೇರೆ. “ಹಳೆಯ ತಪ್ಪಿಗೆ ಉತ್ತರವಿತ್ತು, ಮೇಡಂ. ಹೊಸ ಸುಳ್ಳಿಗೆ ಇಲ್ಲ” ಎಂದರು.

ಪತ್ರ ಓದಿದ ದಿನವೇ ಸಂಜೆ ಅಂಗಡಿಯಿಂದಲೇ ಮಹಾವೀರನಿಗೆ ಫೋನ್ ಮಾಡಿದ್ದೆವು. ಅಲ್ಲಿ ಅವನ ಊಟದ ವಿರಾಮ, ಹಿಂದೆ ಬಸ್ಸುಗಳ ಸದ್ದು. ರೇಖಾ ತಾನೇ ಹೇಳಿದಳು, ಅಳದೆ, ಮೊದಲಿನಿಂದ ಕೊನೆಯವರೆಗೆ. ಕೊನೆಗೆ, “ಹೇಳಿದ್ರ ನಾ ಬ್ಯಾಡ ಅಂತಿದ್ದೆನೇನ?” ಎಂದ. ಸ್ಪೀಕರ್ ಹಚ್ಚಿದ್ದರು, ಎಲ್ಲರಿಗೂ ಕೇಳಿಸಿತು. ಅವಳು, “ಗೊತ್ತಿಲ್ರಿ” ಎಂದಳು. ಅವನು, “ನನಗೂ ಗೊತ್ತಿಲ್ಲ ಈಗ. ಅದ ತ್ರಾಸ ಆಗೇತಿ” ಎಂದು, ಡ್ಯೂಟಿ ಐತಿ ಎಂದು ಫೋನ್ ಇಟ್ಟ. ಆರ್ಯಾಳ ಕೋಣೆಗೆ ಎರಡನೆಯ ಮಂಚ ತರಿಸಿಟ್ಟಿದ್ದನಂತೆ, ಅವ್ವ ಬಂದ ಹೊಸದರಲ್ಲಿ ಕೂಸು ಒಬ್ಬಳೇ ಮಲಗಲಾರಳೆಂದು.

ಅಪೀಲು ಹಾಕಿದೆವು. ನಾನು ನನ್ನ ಹೆಸರಿನಲ್ಲಿ ಎರಡು ಪುಟದ ಹೇಳಿಕೆ ಬರೆದುಕೊಟ್ಟೆ. ಲಗ್ನದಲ್ಲಿ ಹೆಸರು ಬದಲಿಸುವ ಪದ್ಧತಿ ಏನು, ಸೊಸೆ ಅತ್ತೆಯ ಮುಂದೆ ಮಾತಾಡುವುದು ಹೇಗೆ, ಹಳೆಯ ಹೆಸರು ನನಗೆ ಗೊತ್ತಿದ್ದೂ ನಾನು ಬರೆಯಲಿಲ್ಲ, ಆ ಲಗ್ನಪತ್ರಿಕೆಯನ್ನು ತೆಗೆದಿಟ್ಟವಳು ನಾನೇ, ಎಲ್ಲವನ್ನೂ ಬರೆದೆ. ಬರೆಯುವಾಗ ಸಿಸ್ಟರ್‌ಗಳ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಂಡ ಹುಡುಗಿಯಂತೆ ಆಗಿದ್ದೆ.

ವಿಚಾರಣೆ ಮುಂದೆ ಮುಂದೆ ಹೋಯಿತು. 2020 ಬಂತು, ಕೊರೊನಾ ಬಂತು, ವಿಮಾನಗಳು ನಿಂತವು. 2019ರ ಬೇಸಿಗೆಯಲ್ಲಿ ಮಹಾವೀರ ಮಗಳನ್ನು ಕರೆದುಕೊಂಡು ಮೂರು ವಾರ ಖಾನಾಪುರಕ್ಕೆ ಬಂದಿದ್ದ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಕಳೆದ ಕೊನೆಯ ದಿನಗಳು ಅವೇ. ಹೊರಡುವಾಗ ಆರ್ಯಾ ರೇಖಾಳ ಓಢಣಿ ಹಿಡಿದು ಬಿಡಲಿಲ್ಲವೆಂದೂ, ಪದ್ಮಾವತಿಬಾಯಿ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತೆಂದೂ ಆಮೇಲೆ ಕೇಳಿದೆ. 2021ರ ಮಾರ್ಚಿನಲ್ಲಿ ತೀರ್ಪು ಬಂತು. ನನ್ನ ಹೇಳಿಕೆಯನ್ನು ನ್ಯಾಯಾಧೀಶರು ಓದಿದ್ದರು. ಭಾಷಾಂತರ ಮಾಡಿದವರ ಅಜಾಗರೂಕತೆ ಇದ್ದದ್ದು ನಿಜ, ಆದರೆ ಅರ್ಜಿದಾರಳು ವಿದ್ಯಾವಂತೆ, ಇಂಗ್ಲಿಷ್ ಬಲ್ಲವಳು, ಹಿಂದೆ ಬಂದಿದ್ದಿರಾ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಸುಳ್ಳೆಂದು ಅವಳಿಗೆ ತಿಳಿದಿತ್ತು ಎಂದು ಬರೆದಿದ್ದರು. ಅಪೀಲು ವಜಾ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅದನ್ನು ಕನ್ನಡದಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು.

ಅಲ್ಲಿಂದ ಮುಂದೆ ಜಗಳವೇನೂ ಆಗಲಿಲ್ಲ, ಮಾತು ಕಡಿಮೆಯಾಗುತ್ತ ಹೋಯಿತು. ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಆರ್ಯಾಳಿಗೆ ಹತ್ತು ತುಂಬಿತು, ಅವಳು ಕೂದಲನ್ನು ತಾನೇ ಬಾಚಿಕೊಳ್ಳತೊಡಗಿದಳು, ಕನ್ನಡದ ಆ ಒಂದು ಶಬ್ದವೂ ಅಪರೂಪವಾಯಿತು. ಮಹಾವೀರ ಕೆಟ್ಟವನಲ್ಲ. ಇಂಗ್ಲೆಂಡ್ ಬಿಟ್ಟು ಬರುತ್ತೇನೆಂದು ಒಮ್ಮೆ ಹೊರಟೂ ಇದ್ದನಂತೆ. ಮಗಳ ಶಾಲೆ, ಅವಳ ತಾಯಿಯ ನೆನಪು, ಎಲ್ಲ ಅಲ್ಲಿಯೇ. “ಆಕಿನ್ನ ಇಲ್ಲಿಂದ ಕಿತ್ತು ತರಾಕ ನನಗ ಧೈರ್ಯ ಆಗವಲ್ದು” ಅಂದನಂತೆ. ಬರುವುದು ಬೇಡವೆಂದವಳು ರೇಖಾಳೇ. 2022ರಲ್ಲಿ ಇಬ್ಬರೂ ಒಪ್ಪಿ ಅರ್ಜಿ ಹಾಕಿ ವಿಚ್ಛೇದನ ಪಡೆದರು.

ಆ ಡಿಕ್ರಿಯನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಬಳಿಗೇ ಬಂತು. ಮಹಾವೀರ ಅಲ್ಲಿ ಕಾಗದ ತೋರಿಸಬೇಕಿತ್ತು. ಬೇರೆ ಯಾರಿಗಾದರೂ ಕೊಡಿ ಎಂದೆ. ಪದ್ಮಾವತಿಬಾಯಿ ಫೋನಿನಲ್ಲಿ, “ಬ್ಯಾರೆಯವ್ರ ಮುಂದ ಇದನ್ನೆಲ್ಲಾ ಮತ್ತ ಯಾಕ ಬಿಚ್ಚೂದ್ರಿ? ನಿಮಗ ಎಲ್ಲಾ ಗೊತ್ತೈತಿ. ನೀವ ಮಾಡ್ರಿ” ಎಂದರು. ಸೊಸೆ ಹೋದ ದುಃಖ ಅವರ ದನಿಯಲ್ಲಿತ್ತು. ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮೂರು ಪುಟ. ‘ಸನ್ಮತಿ ಉರ್ಫ್ ರೇಖಾ’ ಎಂದು ಆರು ಕಡೆ ಬಂದಿತ್ತು, ಆರೂ ಕಡೆ ಬರೆದೆ. ಕೆಳಗೆ ಎಂದಿನ ವಾಕ್ಯ ಬರೆದು ಸಹಿ ಮಾಡಿದೆ.

ಪ್ರತಿ ಒಯ್ಯಲು ರೇಖಾ ಬಂದಳು. ಆಗ ಅವಳು ಬೆಳಗಾವಿಯಲ್ಲಿಯೇ ಒಂದು ನರ್ಸಿಂಗ್ ಹೋಮಿನ ರಿಸೆಪ್ಶನ್‌ನಲ್ಲಿ ಕೆಲಸಕ್ಕಿದ್ದಳು. ಕಾಗದವನ್ನು ಕೈಗೆ ಕೊಟ್ಟೆ, ಅವಳು ಅಲ್ಲಿಯೇ ನಿಂತು ಪೂರ್ತಿ ಓದಿದಳು.

“ಐ ಆ್ಯಮ್ ಸಾರಿ, ರೇಖಾ” ಎಂದೆ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತು. ಹೇಳಿದಾಗ ಅದು ಯಾರದೋ ಕಾಲು ತುಳಿದವರ ಮಾತಿನಷ್ಟು ಸಣ್ಣದಾಗಿ ಕೇಳಿಸಿತು.

ಅವಳು ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. “ನೀವು ನನ್ನೊಬ್ಬಾಕಿನ್ನ ಕುಂಡ್ರಿಸಿ ಕೇಳಿದ್ರೂ ನಾ ಹೇಳತಿದ್ದಿಲ್ಲೇನೋ, ಮೇಡಂ. ಅಷ್ಟು ಅಂಜಿಕಿ ಇತ್ತು. ಖರೇ ಒಂದ ಸರ್ತಿ ಕೇಳಬೇಕಿತ್ರಿ.”

ಇಷ್ಟು ಹೇಳಿ ಮೆಟ್ಟಿಲು ಇಳಿದು ಹೋದಳು.

ಮುಂದಿನ ವರ್ಷ ನಾನು ಆಫೀಸ್ ಮುಚ್ಚಿದೆ. ಅದಕ್ಕೂ ಮೊದಲೇ, ಆ ಪತ್ರ ಬಂದ ವಾರದಿಂದಲೇ, ಕೆಲಸದ ಕ್ರಮ ಬದಲಾಗಿತ್ತು. ಅರ್ಜಿ ಯಾರದೋ ಅವರೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೆ, ಜೊತೆಗೆ ಬಂದವರನ್ನು ಕೆಳಗೆ ಬೇಕರಿಗೆ ಚಹಾ ಕುಡಿಯಲು ಕಳಿಸುತ್ತಿದ್ದೆ. ಕೆಲವರು ಸಿಟ್ಟಾಗಿ ಎದ್ದು ಹೋದರು. ಕೆಲವು ಹುಡುಗಿಯರು, ಅತ್ತೆಯ ಹೆಜ್ಜೆ ಮೆಟ್ಟಿಲಿಳಿದ ಮೇಲೆ, ನಾನು ಕೇಳದೆಯೂ ಅಳತೊಡಗಿದರು. ಅರ್ಜಿಯ ಪ್ರಶ್ನೆಗೆ ಉತ್ತರ ಬರೆಯುವುದಷ್ಟೇ ನನ್ನ ಉದ್ಯೋಗ ಎಂದು ಮೂವತ್ತು ವರ್ಷ ನಂಬಿದ್ದೆ. ಉತ್ತರ ಹೇಳುವವರಿಗೆ ಹೇಳಲು ಜಾಗ ಮಾಡಿಕೊಡುವುದೂ ಅದರ ಭಾಗ, ಬಹುಶಃ ದೊಡ್ಡ ಭಾಗ. ಇದನ್ನು ನಾನು ಕಲಿತದ್ದು ಒಂದು ಮನೆ ಮುರಿದ ಮೇಲೆ. ಅಷ್ಟು ದುಬಾರಿಯಾಗಿ ಕಲಿತದ್ದನ್ನು ಜಾಣತನ ಎನ್ನಲು ನನ್ನ ನಾಲಗೆ ಹೊರಳುವುದಿಲ್ಲ.